ಕಾರಿಗೊಂದು ರೇಡಿಯೋ

ಮೈಸೂರಿನವರಿಗೂ ರೇಡಿಯೋಗೂ ಇರುವುದು ಅಂಗಡಿಗೂ ಗಿರಾಕಿಗೂ ಇರುವಂಥ ನಂಟಲ್ಲ. ಅದು ಮನೆತನದ ನಂಟು. ಎಷ್ಟೋ ಊರುಗಳಿಗೆ ಬಾನುಲಿಯು ಸರ್ಕಾರದ ಕಟ್ಟಡವೊಂದರಿಂದ ಬಂದಿತು. ನಮ್ಮೂರಿನಲ್ಲಾದರೋ ಅದು ಹುಟ್ಟಿದ್ದು ಗೃಹಸ್ಥರೊಬ್ಬರ ಮನೆಯೊಳಗೆ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟ್ ಶಕ್ತಿಯ ಪುಟ್ಟ ಪ್ರೇಷಕವೊಂದನ್ನಿಟ್ಟುಕೊಂಡು ಪ್ರಸಾರವನ್ನಾರಂಭಿಸಿದರು. ಮಂದ ದೀಪವೊಂದಕ್ಕೆ ಸಾಲುವಷ್ಟು ವಿದ್ಯುತ್ತಿನಿಂದ ಊರಿಗೆಲ್ಲ ಸಂಗೀತವನ್ನೂ ಭಾಷಣವನ್ನೂ ಉಣಬಡಿಸಿದ ಆ ಕೇಂದ್ರಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಮುಂದೆ ದೇಶದ ಬಾನುಲಿಗೆಲ್ಲ ಅದೇ ಹೆಸರು ನಿಂತಿತು.

ಅಂಥ ಊರಿನ ಗೃಹಸ್ಥನೊಬ್ಬ ತನ್ನ ಕಾರಿನಲ್ಲೊಂದು ರೇಡಿಯೋ ಇಡಿಸಬೇಕೆಂದು ಹೊರಟರೆ ಯಾರೂ ಹುಬ್ಬೇರಿಸಬೇಕಾಗಿಲ್ಲ. ಆದರೆ ನಾನು ಹೇಳುತ್ತಿರುವುದು ಹಾಡು ಕೇಳುವ ರೇಡಿಯೋ ಅಲ್ಲ. ಅದು ಈಗ ಹೆಚ್ಚುಕಡಮೆ ಎಲ್ಲ ಕಾರುಗಳಲ್ಲಿಯೂ ಇದೆ, 100.6ಕ್ಕೆ ತಿರುಗಿಸಿದರೆ ಮೈಸೂರು ಆಕಾಶವಾಣಿ ಮಾತನಾಡುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಮ್ಮ ತಂದೆಯವರ ಕಾಲದಲ್ಲಿ ಅದಕ್ಕೂ ಅಪ್ಪಣೆ ಬೇಕಾಗಿತ್ತು. ಪೋಸ್ಟಾಫೀಸಿನಲ್ಲಿ ಶುಲ್ಕ ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪು ಹಚ್ಚಿಸಿಕೊಂಡು ಬರಬೇಕಾಗಿತ್ತು. 1980ರ ದಶಕದಲ್ಲಿ ಆ ಕಟ್ಟಳೆ ತೊಲಗಿತು. ನನಗೆ ಬೇಕಾಗಿರುವುದು ಕೇಳುವುದರ ಜತೆಗೆ ಮಾತನ್ನೂ ಆಡುವ ರೇಡಿಯೋ. ಹವ್ಯಾಸಿಗಳು ಇಟ್ಟುಕೊಳ್ಳುವ, ಲೋಕವೆಲ್ಲ ‘ಹ್ಯಾಮ್’ ಎಂದು ಕರೆಯುವ ರೇಡಿಯೋ.

ಜೇಬಿನಲ್ಲಿ ಫೋನಿರುವಾಗ ಇದೇನು ಹುಚ್ಚು ಎಂದು ವಾಚಕರು ಕೇಳಬಹುದು. ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ದೊರೆತದ್ದು 2018ರ ಆಗಸ್ಟ್ ತಿಂಗಳಲ್ಲಿ. ನನ್ನಾಕೆಯ ತವರು ಸೋಮವಾರಪೇಟೆ ತಾಲ್ಲೂಕಿನ ಒಂದು ಹಳ್ಳಿ. ಹುಣಸೂರು, ಕುಶಾಲನಗರಗಳ ಮೇಲೆ ಹಾದು ಹೋದರೆ ನೂರಕ್ಕೂ ಮಿಕ್ಕಿದ ಕಿಲೋಮೀಟರಿನ ದಾರಿ. ಆ ತಿಂಗಳ ನಡುವಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಊರುಗಳ ಮೇಲೆ ಇಳಿದುವು. ರಸ್ತೆಗಳು ಹೋದುವು, ವಿದ್ಯುತ್ತು ಹೋಯಿತು, ಅದರ ಹಿಂದೆಯೇ ಫೋನುಗಳೂ ಮೌನವಾದುವು. ಎರಡು ಹಗಲು ಎರಡು ರಾತ್ರಿ ನನ್ನಾಕೆ ಒಂದೇ ನಂಬರನ್ನು ಒತ್ತುತ್ತ ಕುಳಿತಿದ್ದಳು. ಟೆಲಿವಿಷನ್ನಿನಲ್ಲಿ ಕಂಡ ಪ್ರತಿಯೊಂದು ಕೆಸರಿನ ಇಳಿಜಾರೂ ಅವಳಿಗೆ ತಮ್ಮ ಮನೆಯ ಹಿಂದಿನ ತೋಟದಂತೆಯೇ ತೋರುತ್ತಿತ್ತು. ಮೂರನೆಯ ದಿನ ಆ ಕಡೆಯಿಂದ ಬಂದ ಲಾರಿಯ ಡ್ರೈವರೊಬ್ಬ ಕುಶಾಲನಗರ ತಲಪಿ, ಅಲ್ಲಿಂದ ನಮಗೆ ಫೋನು ಮಾಡಿ, “ಅಮ್ಮಾವ್ರು, ನಿಮ್ಮ ತಾಯಿ ಮನೇಲಿ ಎಲ್ಲಾ ಚೆನ್ನಾಗಿದಾರೆ” ಎಂದ. ಅಷ್ಟೇ ಮಾತು. ಅಷ್ಟು ಮಾತಿಗಾಗಿ ಮನೆಮಂದಿಯೆಲ್ಲ ಎರಡು ದಿನ ಅನ್ನ ಬಿಟ್ಟಿದ್ದೆವು.

ಅಂದಿನಿಂದ ನನ್ನ ತಲೆಯೊಳಗೆ ಈ ರೇಡಿಯೋ ಹೊಕ್ಕಿತು. ಒಡನೆಯೇ ಪೇಟೆಗೆ ಹೋಗಿ ಕೊಂಡು ತರುವ ಪದಾರ್ಥವಲ್ಲ ಅದು. ಒಂದು ನೋಟ್‌ಬುಕ್ಕನ್ನು ತೆರೆದು ಲೆಕ್ಕ ಬರೆಯಲಾರಂಭಿಸಿದೆನು.

ನೋಟ್‌ಬುಕ್ಕಿನ ಸುದ್ದಿ ಸರಸ್ವತೀಪುರದ ನಮ್ಮ ಬೀದಿಯಲ್ಲಿ ಹರಡಲು ಬಹಳ ದಿನ ಹಿಡಿಯಲಿಲ್ಲ. ಹಿಂದಿನ ಬೀದಿಯ ತರುಣ ಮಿತ್ರರೊಬ್ಬರು ಬಂದು, “ಸ್ವಾಮಿ, ಬರಿಯ ರೇಡಿಯೋ ಏಕೆ? ಜತೆಗೊಂದು ಸ್ಕ್ಯಾನರೂ ಇರಲಿ. ದಸರಾ ಸಮಯದಲ್ಲಿ ಪೊಲೀಸರ ಮಾತು ಕೇಳಿಸಿಕೊಂಡರೆ ಯಾವ ರಸ್ತೆ ಮುಚ್ಚಿದೆ, ಯಾವುದು ತೆರೆದಿದೆ, ಎಲ್ಲ ಕಾರಿನಲ್ಲಿ ಕುಳಿತೇ ತಿಳಿಯಬಹುದು” ಎಂದರು. ಸ್ಕ್ಯಾನರ್ ಎಂದರೆ ನೂರಾರು ತರಂಗಗಳನ್ನು ಒಂದಾದ ಮೇಲೊಂದರಂತೆ ಕ್ಷಣಾರ್ಧದಲ್ಲಿ ಪರೀಕ್ಷಿಸುತ್ತ ಹೋಗುವ ಗ್ರಾಹಕ. ಬೀದಿಯ ಉದ್ದಕ್ಕೂ ಮನೆಮನೆಯ ಬಾಗಿಲಿಗೆ ಕಿವಿಯಾನಿಸುತ್ತ ನಡೆದು, ಎಲ್ಲಿ ಮಾತು ಕೇಳಿಸಿತೋ ಅಲ್ಲಿ ನಿಂತುಬಿಡುವ ಮನುಷ್ಯನ ಹಾಗೆ ಎನ್ನಬಹುದು. ಹೀಗೆ ಹೋಲಿಸಿದಾಗಲೇ ಅದರ ತೊಡಕೂ ಕಾಣುತ್ತದೆ. ಅಂಥ ಮನುಷ್ಯನನ್ನು ನಮ್ಮ ಬೀದಿಯಲ್ಲಿ ಯಾರೂ ಗೌರವಿಸುವುದಿಲ್ಲ.

ಕಾನೂನೂ ಗೌರವಿಸುವುದಿಲ್ಲ. 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ನಮ್ಮ ದೇಶದಲ್ಲಿ ಇಂಥ ಯಂತ್ರಗಳನ್ನು ಅಪ್ಪಣೆಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧವೆನಿಸಿದೆ. ತನಗೆ ಸಲ್ಲದ ಸಂದೇಶವನ್ನು ನಡುವೆ ಹಿಡಿದು ಕೇಳುವುದನ್ನು 2023ರ ದೂರಸಂಪರ್ಕ ಕಾಯ್ದೆಯು ಸೆರೆವಾಸಕ್ಕೂ ದಂಡಕ್ಕೂ ಗುರಿಮಾಡುವ ತಪ್ಪೆಂದು ಹೇಳುತ್ತದೆ. ಹೊರದೇಶಗಳ ಕೆಲವೆಡೆ ಸ್ಕ್ಯಾನರನ್ನು ಹಾಡಹಗಲಿನಲ್ಲಿ ಅಂಗಡಿಯಲ್ಲಿ ಮಾರುತ್ತಾರೆ ನಿಜ. ಅಲ್ಲಿಯ ಪತ್ರಿಕೆಗಳನ್ನೋದಿ ಇಲ್ಲಿ ಆಸೆಪಟ್ಟರೆ ಪ್ರಯೋಜನವಿಲ್ಲ.

ಆದರೆ ನನ್ನ ಮನಸ್ಸನ್ನು ತಿರುಗಿಸಿದ್ದು ಕಾಯ್ದೆಯಲ್ಲ, ಎದುರುಮನೆಯ ಹಿರಿಯರು. ಅವರು ಪೊಲೀಸ್ ಇಲಾಖೆಯ ವೈರ್‌ಲೆಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ಸ್ಕ್ಯಾನರಿನ ಪ್ರಸ್ತಾಪವನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದರು: “ಆ ವೈರ್‌ಲೆಸ್ಸಿನಲ್ಲಿ ಏನು ಬರುತ್ತೆ ಗೊತ್ತೇನು ಸ್ವಾಮಿ? ರಿಂಗ್ ರಸ್ತೇಲಿ ಅಪಘಾತ, ಹುಡುಗನ ವಯಸ್ಸು ಇಷ್ಟು, ಬೈಕಿನ ನಂಬರು ಇಷ್ಟು ಅಂತ ಬರುತ್ತೆ. ಆ ಹೊತ್ತಿನಲ್ಲಿ ಆ ಹುಡುಗನ ತಾಯಿ ಮನೇಲಿ ಚಪಾತಿ ಲಟ್ಟಿಸ್ತಾ ಇರ್ತಾಳೆ. ಅವಳಿಗಿಂತ ಮುಂಚೆ ಅದನ್ನು ನೀವು ಕೇಳಬೇಕೇನು?”

ಇದಕ್ಕೆ ಉತ್ತರ ಹೇಳುವವರು ಯಾರು? ಸುದ್ದಿ ಕೇಳದೆ ಎರಡು ದಿನ ಬೆಂದವರಿಗೆ ಸುದ್ದಿಯ ಬೆಲೆ ಗೊತ್ತಿರುತ್ತದೆ. ಅದು ಯಾರಿಗೆ ಸಲ್ಲಬೇಕೋ ಅವರಿಗೆ ಮೊದಲು ಸಲ್ಲಬೇಕು. ಹೀಗಾಗಿ ಸ್ಕ್ಯಾನರ್ ಎಂಬ ಬಾಬತ್ತನ್ನು ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿದೆನು. ಆಮೇಲೆ ತಿಳಿದುಬಂದ ಸಂಗತಿಯೆಂದರೆ, ಹ್ಯಾಮ್ ರೇಡಿಯೋದೊಳಗೇ ಸ್ಕ್ಯಾನ್ ಮಾಡುವ ಗುಣವಿರುತ್ತದೆ. ಹವ್ಯಾಸಿಗಳ ಹತ್ತು ಹನ್ನೆರಡು ಚಾನೆಲ್ಲುಗಳನ್ನು ಅದರ ನೆನಪಿಗೆ ತುಂಬಿಟ್ಟರೆ ತಾನಾಗಿಯೇ ಸುತ್ತುತ್ತ, ಯಾರಾದರೂ ಮಾತನಾಡಿದೊಡನೆ ನಿಲ್ಲುತ್ತದೆ. ಅವರು ಮಾತನಾಡುತ್ತಿರುವುದೇ ಎಲ್ಲ ಹವ್ಯಾಸಿಗಳೂ ಕೇಳಲೆಂದು. ನೆರೆಯವರ ಗೋಡೆಗೆ ಕಿವಿಗೊಡುವ ಅಗತ್ಯವೇ ಇಲ್ಲ.

ನೋಟ್‌ಬುಕ್ಕಿನ ಎರಡನೆಯ ಬಾಬತ್ತು ಪರವಾನಗಿ. ಯಂತ್ರವನ್ನು ಮೊದಲು ಕೊಂಡು ಅಪ್ಪಣೆಯನ್ನು ಆಮೇಲೆ ಕೇಳುವ ಪದ್ಧತಿ ಇಲ್ಲಿ ನಡೆಯದು. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ವಿದ್ಯುತ್ತು ಮತ್ತು ರೇಡಿಯೋಗಳ ಮೂಲತತ್ವ ಒಂದು ಭಾಗ, ಕಟ್ಟಳೆಗಳು ಇನ್ನೊಂದು ಭಾಗ. ಪರವಾನಗಿಯಲ್ಲಿ ಎರಡು ದರ್ಜೆ: ‘ರಿಸ್ಟ್ರಿಕ್ಟೆಡ್’ ಮತ್ತು ‘ಜನರಲ್’. ಮೊದಲನೆಯದಕ್ಕೆ ಮೋರ್ಸ್ ಸಂಕೇತದ ಪರೀಕ್ಷೆಯಿಲ್ಲ. ಎರಡನೆಯದಕ್ಕೆ ಅದನ್ನೂ ಕಲಿಯಬೇಕು. ಹನ್ನೆರಡು ವರ್ಷ ತುಂಬಿದ ಮಗುವೂ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಪಾಸಾದವರಿಗೆ ‘ವಿ.ಯು.’ ಎಂದು ಮೊದಲಾಗುವ ಕರೆಹೆಸರೊಂದು ದೊರೆಯುತ್ತದೆ. ಯಂತ್ರವನ್ನು ಮನೆಯಿಂದ ಹೊರಗೆ ವಾಹನದಲ್ಲಿ ಒಯ್ಯುವುದಕ್ಕೂ ನಿಯಮಗಳಿರುವುದರಿಂದ ಅದನ್ನೂ ಕೇಳಿ ತಿಳಿದುಕೊಂಡೇ ಮುಂದುವರಿಯಬೇಕು. ಮೈಸೂರಿನಲ್ಲಿ ಹ್ಯಾಮ್ ಹವ್ಯಾಸಿಗಳ ಬಳಗವಿರುವುದರಿಂದ ಹೇಳಿಕೊಡುವವರಿಗೆ ಬರವಿಲ್ಲ.

ಇಷ್ಟೆಲ್ಲ ಕಟ್ಟುನಿಟ್ಟೇಕೆಂದು ಮುನಿಸಿಕೊಳ್ಳಬಾರದು. ಕಾರಿನಲ್ಲಿಡುವ ಸಾಮಾನ್ಯ ಹ್ಯಾಮ್ ಯಂತ್ರದ ಶಕ್ತಿ 50 ವ್ಯಾಟ್. ಗೋಪಾಲಸ್ವಾಮಿಯವರು ಮೊದಲು ಪ್ರಸಾರ ಮಾಡಿದ್ದಕ್ಕಿಂತ ಹೆಚ್ಚಿನ ಶಕ್ತಿ ಇಂದು ಡ್ರೈವರಿನ ಸೀಟಿನ ಕೆಳಗೆ ಮಡಗಿಕೊಂಡಿರುತ್ತದೆ. ಅದನ್ನು ಅರಿಯದ ಕೈಗೆ ಕೊಡುವುದು ತರವಲ್ಲ. ಪರೀಕ್ಷೆಯ ಗೊಡವೆಯೇ ಬೇಡವೆನ್ನುವವರಿಗೂ ಒಂದು ಮಾರ್ಗವುಂಟು. 446.0ರಿಂದ 446.2 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅರ್ಧ ವ್ಯಾಟ್ ಮೀರದ ವಾಕಿಟಾಕಿಗಳಿಗೆ 2018ರ ನಿಯಮಗಳು ಪರವಾನಗಿಯಿಂದ ವಿನಾಯಿತಿ ಕೊಟ್ಟಿವೆ. ಎರಡು ಕಾರುಗಳಲ್ಲಿ ಒಟ್ಟಿಗೆ ಪ್ರವಾಸ ಹೊರಟವರಿಗೂ, ಜಂಬೂಸವಾರಿಯ ಜನಸಂದಣಿಯಲ್ಲಿ ಮಕ್ಕಳನ್ನು ಹಿಡಿದಿಟ್ಟುಕೊಳ್ಳಬೇಕಾದವರಿಗೂ ಅದು ಸಾಕು. ನಮ್ಮ ಕೆಲಸಕ್ಕೆ ಸಾಲದು.

ಸಾಲದೆಂಬುದನ್ನು ಲೆಕ್ಕದಿಂದಲೇ ತೋರಿಸಬಹುದು. ಕಾರಿನ ರೇಡಿಯೋಗಳು ಸಾಮಾನ್ಯವಾಗಿ ಬಳಸುವುದು 144ರಿಂದ 146 ಮೆಗಾಹರ್ಟ್ಸಿನ ತರಂಗಗಳನ್ನು. ಇವು ಹೆಚ್ಚುಕಡಮೆ ಬೆಳಕಿನಂತೆ ನೇರವಾಗಿ ನಡೆಯುವ ಜಾತಿ. ಏರಿಯಲ್ಲಿನ ಎತ್ತರ ಎಷ್ಟು ಮೀಟರೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ, ಸಮತಟ್ಟಾದ ನೆಲದಲ್ಲಿ ಅದು ಮುಟ್ಟುವ ದಿಗಂತ ಎಷ್ಟು ಕಿಲೋಮೀಟರೆಂಬುದು ಸಿಗುತ್ತದೆ. ಕಾರಿನ ಮೇಲಿನ ಏರಿಯಲ್ಲು 2 ಮೀಟರು ಎತ್ತರದಲ್ಲಿದ್ದರೆ ಸುಮಾರು 6 ಕಿಲೋಮೀಟರು. ಎರಡು ಕಾರುಗಳ ನಡುವೆ ಎರಡರಷ್ಟು, ಎಂದರೆ 12. ಅದೇ ಕಾರು ಚಾಮುಂಡಿಬೆಟ್ಟವನ್ನೇರಿತೆನ್ನಿ. ಊರಿಗಿಂತ 300 ಮೀಟರಿನಷ್ಟು ಮೇಲೆ ನಿಂತಿತು. ಆಗ ದಿಗಂತ 70 ಕಿಲೋಮೀಟರಿಗೆ ಸರಿಯುತ್ತದೆ. ತಾಯಿ ಚಾಮುಂಡಿಯ ಕೃಪೆಯೆಂದರೆ ಹೀಗೂ ಇರುತ್ತದೆ! ಆದರೂ ನನ್ನಾಕೆಯ ತವರು ಅದರಾಚೆಗೇ ಉಳಿಯಿತು. ನಡುವೆ ಬೆಟ್ಟದ ಸಾಲು ಬೇರೆ.

ಬೆಟ್ಟವನ್ನು ದಾಟುವುದಕ್ಕೆ ಬೇರೊಂದು ಜಾತಿಯ ತರಂಗವಿದೆ. 7 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ ಕಳುಹಿಸಿದ ಅಲೆಯು ಹಗಲಿನಲ್ಲಿ ನೆತ್ತಿಯ ಮೇಲಕ್ಕೆ ಚಿಮ್ಮಿ, ವಾಯುಮಂಡಲದ ಮೇಲ್ಪದರಕ್ಕೆ ತಾಗಿ, ಕೆಲವು ನೂರು ಕಿಲೋಮೀಟರಿನ ಸುತ್ತಳತೆಯಲ್ಲಿ ಮಳೆಯಂತೆ ಕೆಳಗೆ ಸುರಿಯುತ್ತದೆ. ಮಳೆಗೆ ಬೆಟ್ಟದ ಆಚೆ ಈಚೆ ಎಂಬ ಭೇದವಿದೆಯೆ? ತೊಡಕಿರುವುದು ಏರಿಯಲ್ಲಿನಲ್ಲಿ. 145 ಮೆಗಾಹರ್ಟ್ಸಿಗೆ ಅರ್ಧ ಮೀಟರಿನ ಕಡ್ಡಿ ಸಾಕು. 7 ಮೆಗಾಹರ್ಟ್ಸಿಗೆ ಎರಡು ಕಂಬಗಳ ನಡುವೆ 20 ಮೀಟರು ತಂತಿ ಕಟ್ಟಬೇಕು. ಕಾರಿನ ಮೇಲೆ ಬಟ್ಟೆ ಒಣಗಿಸುವ ತಂತಿ ಕಟ್ಟಿಕೊಂಡು ಹುಣಸೂರು ರಸ್ತೆಯಲ್ಲಿ ಓಡುವುದಾಗುತ್ತದೆಯೆ? ಆದಕಾರಣ ಹೀಗೆ ತೀರ್ಮಾನಿಸಿದೆನು: ಓಡುವಾಗ ಅರ್ಧ ಮೀಟರಿನ ಕಡ್ಡಿ, ನಿಂತಾಗ ಡಿಕ್ಕಿಯಲ್ಲಿ ಸುತ್ತಿಟ್ಟ ತಂತಿಯನ್ನು ತೆಗೆದು ಎರಡು ಮರಗಳಿಗೆ ಕಟ್ಟುವುದು. ಅದಕ್ಕೆ ಬೇಕಾದ ಎರಡನೆಯ ಯಂತ್ರವು ಮೊದಲನೆಯದರ ಸಾಲ ತೀರಿದ ಮೇಲೆ.

ಇನ್ನು ಕಾರಿನೊಳಗಣ ಕೆಲಸ. ಸಿಗರೇಟು ಹೊತ್ತಿಸುವ ಕುಳಿಯಿಂದ ವಿದ್ಯುತ್ತು ಪಡೆಯಬಾರದು. 50 ವ್ಯಾಟ್ ಹೊರಹಾಕುವ ಯಂತ್ರವು ಮಾತನಾಡುವಾಗ 10 ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ. ಬ್ಯಾಟರಿಯಿಂದಲೇ ನೇರವಾಗಿ ಎರಡು ತಂತಿಗಳನ್ನು ತರಬೇಕು. ಎರಡಕ್ಕೂ ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸು ಇರಬೇಕು. ಫ್ಯೂಸು ಯಂತ್ರದ ಬಳಿಯಿದ್ದು ತಂತಿ ನಡುವೆ ಉಜ್ಜಿಹೋದರೆ ಹೊತ್ತಿಕೊಳ್ಳುವುದು ಕಾರು. ಬಾನೆಟ್ಟಿನ ಕಡೆಯಿಂದ ಒಳಗೆ ಬರುವ ತೂತಿನಲ್ಲಿ ರಬ್ಬರಿನ ಬಳೆಯಿರಬೇಕು. ತಂತಿಯ ದಪ್ಪದಲ್ಲಿ ಜಿಪುಣತನ ಸಲ್ಲದು. ಹೋಗಿಬರುವ ಎಂಟು ಮೀಟರಿನ ದಾರಿಗೆ 1.5 ಚದರ ಮಿಲಿಮೀಟರಿನ ತಾಮ್ರವನ್ನು ಹಾಕಿದರೆ 10 ಆಂಪಿಯರಿನಲ್ಲಿ ಮುಕ್ಕಾಲು ವೋಲ್ಟಿಗೂ ಮಿಕ್ಕಿ ದಾರಿಯಲ್ಲಿಯೇ ಸೋರಿಹೋಗುತ್ತದೆ. 4 ಚದರ ಮಿಲಿಮೀಟರಿನದಾದರೆ ಸೋರುವುದು ಮೂರನೆಯ ಒಂದು ವೋಲ್ಟಿನಷ್ಟು ಮಾತ್ರ.

ಎಂಜಿನ್ ನಿಲ್ಲಿಸಿ ಸುಮ್ಮನೆ ಕೇಳುತ್ತಿದ್ದರೆ ಅರ್ಧ ಆಂಪಿಯರಿನಷ್ಟು ಖರ್ಚು. ಪುಟ್ಟ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಗೆ ಒಂದು ರಾತ್ರಿ ಅದು ಭಾರವಲ್ಲ. ಒಂದು ವಾರ ಮರೆತುಬಿಟ್ಟರೆ ಮಾತ್ರ ಎಂಟನೆಯ ದಿನ ಬೀದಿಯ ಹುಡುಗರನ್ನು ಕರೆದು ಕಾರು ತಳ್ಳಿಸಬೇಕಾಗುತ್ತದೆ.

ಏರಿಯಲ್ಲಿಗೆ ಪ್ರಶಸ್ತವಾದ ಸ್ಥಳ ಛಾವಣಿಯ ನಟ್ಟನಡುವೆ. ಅಲ್ಲಿ ಸುತ್ತಲಿನ ಉಕ್ಕಿನ ತಗಡೇ ಅದಕ್ಕೆ ನೆಲವಾಗುತ್ತದೆ. ತಜ್ಞರು ಅಲ್ಲಿ ತೂತು ಕೊರೆಯಬೇಕೆಂದರು. ನನ್ನಾಕೆ, “ಅದನ್ನು ಮಾರುವ ದಿನ ತೂತಿಗೆ ಏನು ಉತ್ತರ ಹೇಳುತ್ತೀರಿ? ಮಳೆ ಬಂದ ದಿನ ನನ್ನ ತಲೆಗೆ ಏನು ಉತ್ತರ ಹೇಳುತ್ತೀರಿ?” ಎಂದು ಎರಡು ಪ್ರಶ್ನೆ ಕೇಳಿದಳು. ಅಯಸ್ಕಾಂತದ ಪೀಠದ ಮೇಲೆ ನಿಲ್ಲುವ ಏರಿಯಲ್ಲೆಂದು ನಿಶ್ಚಯವಾಯಿತು. ಅದರಿಂದ ಆಗುವ ನಷ್ಟ ಅಲ್ಪ. ಗೃಹಶಾಂತಿಯ ಲಾಭ ಅಪಾರ. ಯಂತ್ರದ ಒಡಲು ಸೀಟಿನ ಕೆಳಗೆ, ಗಾಳಿಯಾಡುವಂತೆ. ಬಿಡಿಸಿ ತೆಗೆಯಬಹುದಾದ ಅದರ ಮುಖ ಮಾತ್ರ ಎದುರಿಗೆ. ಏರ್‌ಬ್ಯಾಗ್ ಸಿಡಿಯುವ ಜಾಗಗಳ ಮೇಲೆ ಯಾವ ವಸ್ತುವನ್ನೂ ಕೂರಿಸುವಂತಿಲ್ಲ, ಯಾವ ತಂತಿಯನ್ನೂ ಹಾಯಿಸುವಂತಿಲ್ಲ.

ಉಳಿದದ್ದು ಮೈಕು. ಅದು ಯಾರ ಕೈಯಲ್ಲಿರಬೇಕು? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಕೈಯಲ್ಲಿ ಹಿಡಿದು ಮಾತನಾಡುವ ಸಾಧನಗಳನ್ನು ಓಡಿಸುತ್ತ ಬಳಸುವುದನ್ನು ಅಪಾಯಕರ ಚಾಲನೆಯ ಸಾಲಿಗೆ ಸೇರಿಸಿದೆ. ಕಾಯ್ದೆ ಹೇಳದಿದ್ದರೂ ಬಿಳಿಕೆರೆಯ ತಿರುವಿನಲ್ಲಿ ಬಸ್ಸೊಂದು ಎದುರಾದಾಗ ಒಂದು ಕೈಯಲ್ಲಿ ಮೈಕು ಹಿಡಿದಿರುವುದು ಬುದ್ಧಿವಂತಿಕೆಯಲ್ಲ. ಆದ್ದರಿಂದ ಮೈಕಿನ ಕೊಕ್ಕೆಯನ್ನು ಎಡಗಡೆಯ ಸೀಟಿನ ಪಕ್ಕಕ್ಕೆ ಹಾಕುವುದೆಂದು ಬರೆದೆನು. ಎಡಗಡೆಯ ಸೀಟು ಮದುವೆಯಾದಂದಿನಿಂದ ಒಬ್ಬರದೇ. ಹಾಗಾದರೆ ಪರೀಕ್ಷೆ ಪಾಸುಮಾಡಬೇಕಾದವಳು ಅವಳೂ ಆಯಿತು. ಪರವಾನಗಿಯು ಕಾರಿಗೆ ಕೊಡುವುದಲ್ಲ, ಮಾತನಾಡುವ ಮನುಷ್ಯರಿಗೆ ಕೊಡುವುದು. ಇದನ್ನು ಅಂಜುತ್ತಂಜುತ್ತ ತಿಳಿಸಿದೆ. “ಇದಕ್ಕೇನಂತೆ, ಪುಸ್ತಕ ಕೊಡಿ” ಎಂದಳು.

ಅವಳ ಉತ್ಸಾಹಕ್ಕೆ ಕಾರಣ ನಾನು ಹೇಳಿದ್ದ ಒಂದು ಸಂಗತಿಯಿರಬೇಕು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆ ತಮ್ಮ ತಂಡದೊಡನೆ ಅಂಡಮಾನಿಗೆ ಹೋಗಿ, ಪೋರ್ಟ್ ಬ್ಲೇರಿನಿಂದ ಲೋಕದ ಹವ್ಯಾಸಿಗಳೊಡನೆ ಮಾತನಾಡುತ್ತಿದ್ದರು. 26ರ ಬೆಳಿಗ್ಗೆ ಸುನಾಮಿ ಬಂದೆರಗಿತು. ದ್ವೀಪಗಳ ಫೋನುಗಳು ನಿಂತ ಹೊತ್ತಿನಲ್ಲಿ, ಆಟಕ್ಕೆಂದು ಒಯ್ದಿದ್ದ ಆ ಯಂತ್ರವೇ ಸಂಕಟದ ಸಂದೇಶಗಳನ್ನು ನಾಡಿಗೆ ಮುಟ್ಟಿಸಿತು. ನಮಗೆ ನೆರೆಯದಾದ ವಯನಾಡಿನಲ್ಲಿ 2024ರ ಜುಲೈ 30ರಂದು ಬೆಟ್ಟ ಜರಿದಾಗಲೂ ಹ್ಯಾಮ್‌ಗಳು ಕಲ್ಪೆಟ್ಟದಲ್ಲಿ ಠಾಣೆ ಹೂಡಿ ರಕ್ಷಣೆಯವರಿಗೆ ನೆರವಾದರು. ಹಾಗೆ ನೆರವಾಗುವುದಕ್ಕೆ ಯಂತ್ರ ಕೊಂಡಿದ್ದರೆ ಸಾಲದು. ಬಿಸಿಲಿನ ದಿನಗಳಲ್ಲಿ ಹರಟೆ ಹೊಡೆಯುತ್ತ ಕೈ ಪಳಗಿಸಿಕೊಂಡವರೇ ಮಳೆಯ ದಿನ ಒದಗುವವರು.

ನೋಟ್‌ಬುಕ್ಕು ತುಂಬಿತೆಂದು ಸಮಾಧಾನದಿಂದ ಕೊಡಗಿನ ಮನೆಗೆ ಫೋನು ಮಾಡಿ ಭಾವಮೈದುನನಿಗೆ ಎಲ್ಲವನ್ನೂ ಓದಿ ಹೇಳಿದೆ. ಆತ ತಂತಿಯ ದಪ್ಪವನ್ನೂ ಕೇಳಿದ, ಫ್ಯೂಸನ್ನೂ ಕೇಳಿದ, ಅಯಸ್ಕಾಂತವನ್ನೂ ಕೇಳಿದ. ಕೊನೆಗೆ ಕೇಳಿದ: “ಎಲ್ಲ ಸರಿ ಭಾವ. ನೀವು ಕಾರಿನಿಂದ ಕರೆದಾಗ ಇಲ್ಲಿ ಯಾರು ಓ ಅನ್ನಬೇಕು?”

ರೇಡಿಯೋ ಎಂಬುದು ಒಂದು ಪೆಟ್ಟಿಗೆಯಲ್ಲ, ಇಬ್ಬರು ಮನುಷ್ಯರು. ಒಂದು ತುದಿಯಲ್ಲಿ ಎಷ್ಟು ದಪ್ಪದ ತಾಮ್ರವನ್ನು ಹಾಕಿದರೇನು, ಇನ್ನೊಂದು ತುದಿಯಲ್ಲಿ ಓಗೊಡುವವರಿಲ್ಲದಿದ್ದರೆ? ಎರಡು ಕೈ ಸೇರಿದರೆ ತಾನೆ ಚಪ್ಪಾಳೆ? ಆತನೇ ಮುಂದುವರಿಸಿ, “ಇಲ್ಲಿ ಸಿಲ್ವರ್ ಓಕ್ ಮರಗಳಿಗೇನು ಬರವಿಲ್ಲ. ತಂತಿ ಕಟ್ಟುವುದು ನನಗಿರಲಿ. ಆ ಪುಸ್ತಕದ ಇನ್ನೊಂದು ಪ್ರತಿ ಕಳಿಸಿ” ಎಂದ.

ಆದುದರಿಂದ ಕಾರಿಗೆ ಇನ್ನೂ ಏನನ್ನೂ ಜೋಡಿಸಿಲ್ಲ. ಲೆಕ್ಕದ ಪಟ್ಟಿಯನ್ನು ಹೊಸದಾಗಿ ಬರೆದಿದ್ದೇನೆ. ಮೊದಲ ಬಾಬತ್ತು ಪುಸ್ತಕಗಳ ಮೂರು ಪ್ರತಿ, ಎರಡನೆಯದು ಮೂರು ಪರೀಕ್ಷೆಗಳ ಶುಲ್ಕ. ಯಂತ್ರ, ತಂತಿ, ಏರಿಯಲ್ಲುಗಳೆಲ್ಲ ಆಮೇಲೆ. ಸಂಜೆ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಿನ ನಡುವೆ ಓಮನ ನಿಯಮದ ಪಾಠ ಕೇಳಿಬರುತ್ತದೆ. ಪಾಸಾದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಗೊತ್ತಾದ ಹೊತ್ತಿನಲ್ಲಿ ಇಲ್ಲಿಂದ ಕರೆಯುವುದೆಂದೂ, ಅಲ್ಲಿಂದ ಓಗೊಡುವುದೆಂದೂ ಅಕ್ಕ ತಮ್ಮಂದಿರಲ್ಲಿ ಈಗಲೇ ಮಾತಾಗಿದೆ. ಆಡುವ ಮಾತು ದೊಡ್ಡದೇನೂ ಇರದು. ಹಿಂದಿನವರು ಕಾಗದದ ತಲೆಯಲ್ಲಿ ‘ಉಭಯ ಕುಶಲೋಪರಿ’ ಎಂದು ಬರೆಯುತ್ತಿದ್ದರಲ್ಲ, ಅಷ್ಟು ಮಾತು ಹೋಗಿ ಅಷ್ಟು ಮಾತು ಬಂದರೆ ಸಾಕು.